ಗುಲಾಮರ ಮರ

ಶಿಲುಬೆಯ ಮೂಲ ಹುಡುಕಲು ಹೊರಟವರಲ್ಲಿ ಹೆಚ್ಚಿನವರು ಅದರ ಆಕಾರದ ಬೆನ್ನು ಹತ್ತುತ್ತಾರೆ. ನಿಂತ ಗೆರೆಯೊಂದು, ಅದಕ್ಕೆ ಅಡ್ಡಲಾಗಿ ಇನ್ನೊಂದು. ಬರೀ ಆಕಾರವನ್ನೇ ನೋಡುವುದಾದರೆ ಅದು ಸಿಗದ ನಾಡಿಲ್ಲ. ಸಿಂಧೂ ಕಣಿವೆಯ ಮುದ್ರೆಗಳಲ್ಲಿದೆ, ಈಜಿಪ್ಟಿನ ದೇವತೆಗಳು ಕೈಯಲ್ಲಿ ಹಿಡಿದಿರುವ 'ಅಂಖ್' ಎಂಬ ಜೀವಚಿಹ್ನೆಯಲ್ಲಿದೆ, ನಮ್ಮ ಹೊಸ್ತಿಲ ಮುಂದಿನ ರಂಗೋಲಿಯಲ್ಲೂ ಇದೆ. ಹಾಗಾಗಿ ಕ್ರೈಸ್ತರು ಇದನ್ನು ಯಾವುದೋ ಹಳೆಯ ಪೂಜಾಪದ್ಧತಿಯಿಂದ ಎತ್ತಿಕೊಂಡಿರಬೇಕು ಎಂಬ ವಾದ ಸುಲಭವಾಗಿ ಹುಟ್ಟಿಕೊಳ್ಳುತ್ತದೆ. 19ನೇ ಶತಮಾನದ ನಡುವೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಹಿಸ್ಲಪ್ ಬ್ಯಾಬಿಲೋನಿನ ತಮ್ಮೂಜ್ ದೇವತೆಯ ಹೆಸರಿನ ಮೊದಲಕ್ಷರವೇ ಶಿಲುಬೆಯಾಯಿತೆಂದು ಬರೆದ. ಕಥೋಲಿಕ ಸಭೆ ಮಾರುವೇಷದ ಬ್ಯಾಬಿಲೋನ್ ಎಂದು ತೋರಿಸುವುದು ಅವನ ಗುರಿಯಾಗಿತ್ತು. ಅವನ ಪುಸ್ತಕದ ಈ ಮಾತು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿದೆ. ಆದರೆ ಆಕಾರದಿಂದ ಆರಂಭಿಸುವ ಈ ಹುಡುಕಾಟವೇ ದಾರಿ ತಪ್ಪಿದ್ದು ಎಂಬುದು ನನ್ನ ವಾದ. ಮೊದಲ ಕ್ರೈಸ್ತರು ಹತ್ತು ಚಿಹ್ನೆಗಳನ್ನು ಮುಂದಿಟ್ಟುಕೊಂಡು ಚೆಂದದ್ದೊಂದನ್ನು ಆರಿಸಿದವರಲ್ಲ. ಅವರ ಗುರುವನ್ನು ಸರ್ಕಾರವೊಂದು ಕೊಂದಿತ್ತು. ಕೊಂದ ಬಗೆಯನ್ನೂ ಆ ಸರ್ಕಾರವೇ ಆರಿಸಿತ್ತು. ಶಿಲುಬೆಯ ಅರ್ಥ ಹುಟ್ಟಿದ್ದು ಆ ಶಿಕ್ಷೆಯಿಂದ. ಆ ಶಿಕ್ಷೆ ಏನೆಂಬುದನ್ನು ಮರೆತಷ್ಟೂ ಚಿಹ್ನೆಯ ಅರ್ಥ ಕೈತಪ್ಪುತ್ತಾ ಹೋಗುತ್ತದೆ.

ಶಿಲುಬೆಗೇರಿಸುವುದು ರೋಮನ್ನರ ಆವಿಷ್ಕಾರವೇನಲ್ಲ. ಪರ್ಷಿಯನ್ನರೂ ಕಾರ್ಥೇಜಿನವರೂ ಮನುಷ್ಯರನ್ನು ಮರಕ್ಕೆ ಜಡಿದು ಕೊಂದಿದ್ದರು. ರೋಮ್ ಮಾಡಿದ್ದೇನೆಂದರೆ ಅದನ್ನು ಆಡಳಿತದ ಒಂದು ಸಾಮಾನ್ಯ ಸಲಕರಣೆಯಾಗಿ ಬಳಸಿದ್ದು. ಇದು ಗುಲಾಮರಿಗೆ, ದಂಗೆಕೋರರಿಗೆ, ಪೌರತ್ವವಿಲ್ಲದ ಬಡವರಿಗೆ ಮೀಸಲಾದ ಶಿಕ್ಷೆ. ರೋಮನ್ ಪೌರರಿಗೆ ಸಾಮಾನ್ಯವಾಗಿ ಇದರಿಂದ ವಿನಾಯಿತಿ ಇತ್ತು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ನೇತೃತ್ವದ ಗುಲಾಮರ ಬಂಡಾಯ ಮುರಿದುಬಿದ್ದಾಗ ಸೆರೆಸಿಕ್ಕ 6,000 ಮಂದಿಯನ್ನು ಕಾಪುವಾದಿಂದ ರೋಮಿನವರೆಗೆ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಲಾಯಿತೆಂದು ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಕ್ರಿ.ಶ. 70ರಲ್ಲಿ ಜೆರುಸಲೇಮಿಗೆ ಮುತ್ತಿಗೆ ಹಾಕಿದ್ದ ಸೈನ್ಯ ದಿನಕ್ಕೆ 500 ಮಂದಿಯನ್ನು, ಕೆಲವು ದಿನ ಅದಕ್ಕೂ ಹೆಚ್ಚು ಜನರನ್ನು, ಮರಕ್ಕೇರಿಸಿತೆಂದೂ ಕೊನೆಗೆ ಶಿಲುಬೆ ನೆಡಲು ಜಾಗವೂ ಶಿಲುಬೆಗೆ ಮರವೂ ಸಾಲದೆ ಹೋಯಿತೆಂದೂ ಯೆಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಕೊಲ್ಲುವುದಷ್ಟೇ ಉದ್ದೇಶವಾಗಿದ್ದರೆ ಕತ್ತಿ ಸಾಕಿತ್ತು. ಬಟ್ಟೆ ಬಿಚ್ಚಿಸಿ, ಜನ ಓಡಾಡುವ ದಾರಿಯ ಬದಿಯಲ್ಲಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿಸಿ, ಅನೇಕ ವೇಳೆ ಹೆಣಕ್ಕೆ ಮಣ್ಣನ್ನೂ ಕೊಡದೆ ಬಿಡುವುದರ ಉದ್ದೇಶ ಬೇರೆ. ಸಾಯುತ್ತಿರುವವನು ಮನುಷ್ಯನೇ ಅಲ್ಲ ಎಂದು ನೋಡುವವರಿಗೆ ಮನದಟ್ಟು ಮಾಡಿಸುವುದು ಅದು. ಕ್ರಿ.ಪೂ. 63ರಲ್ಲಿ ರಾಬಿರಿಯಸ್ ಎಂಬವನ ಪರ ವಾದಿಸುತ್ತಾ ರೋಮನ್ ವಾಗ್ಮಿ ಸಿಸೆರೊ, ಶಿಲುಬೆ ಎಂಬ ಮಾತೇ ರೋಮನ್ ಪೌರನ ಕಣ್ಣು, ಕಿವಿ, ಯೋಚನೆಗಳಿಂದ ದೂರ ಇರಬೇಕು ಎಂದಿದ್ದ. ಮರ್ಯಾದಸ್ಥರು ಬಾಯಲ್ಲಿ ಆಡಬಾರದ ಮಾತು ಅದು.

ಈ ಶಿಕ್ಷೆ ಸಾಮಾನ್ಯವಾಗಿದ್ದರೂ ಅದರ ಭೌತಿಕ ಕುರುಹು ಸಿಕ್ಕಿರುವುದು ತೀರಾ ಕಡಿಮೆ. 1968ರಲ್ಲಿ ಜೆರುಸಲೇಮಿನ ಗಿವತ್ ಹಮಿವ್ತಾರ್ ಎಂಬಲ್ಲಿ ಅಗೆದಾಗ ಕಲ್ಲಿನ ಅಸ್ಥಿಪೆಟ್ಟಿಗೆಯೊಂದರಲ್ಲಿ ಯೆಹೋಹನನ್ ಎಂಬ ಯುವಕನ ಮೂಳೆಗಳು ಸಿಕ್ಕವು. ಅವನ ಹಿಮ್ಮಡಿಯ ಮೂಳೆಯಲ್ಲಿ ಸುಮಾರು 11.5 ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು. ಮೊಳೆಯ ತುದಿ ಬಾಗಿದ್ದರಿಂದ ಹೆಣ ಇಳಿಸಿದವರು ಅದನ್ನು ಕಿತ್ತಿರಲಿಲ್ಲ. ಇಂಗ್ಲೆಂಡಿನ ಫೆನ್‌ಸ್ಟಾಂಟನ್ ಎಂಬ ಹಳ್ಳಿಯಲ್ಲಿ ದೊರೆತು 2021ರಲ್ಲಿ ಪ್ರಕಟವಾದ ಇನ್ನೊಂದು ಹಿಮ್ಮಡಿಯೂ ಇಂಥದ್ದೇ. ಮೊಳೆಯ ತಲೆಗೂ ಮೂಳೆಗೂ ನಡುವೆ ಸಣ್ಣ ಮರದ ಬಿಲ್ಲೆ ಇಟ್ಟು ಜಡಿದಿರುವುದು, ಹಿಮ್ಮಡಿಯನ್ನು ಬದಿಯಿಂದ ಚುಚ್ಚಿರುವುದು, ಇಂಥ ವಿವರಗಳನ್ನು ಯೆಹೋಹನನ್‌ನ ಮೂಳೆ ಹೇಳುತ್ತದೆ. ಮರದ ಆಕಾರ ಹೇಗಿತ್ತೆಂಬುದನ್ನು ಹೇಳುವುದಿಲ್ಲ. ಇಲ್ಲಿಯೇ ಯೆಹೋವನ ಸಾಕ್ಷಿಗಳು ಮೊದಲಾದವರ ಆಕ್ಷೇಪ ಬರುತ್ತದೆ: ಯೇಸು ಸತ್ತದ್ದು ಒಂಟಿ ಕಂಬದ ಮೇಲೆ, ಅಡ್ಡಪಟ್ಟಿ ಆಮೇಲಿನ ಸೇರ್ಪಡೆ ಎಂದು ಅವರು ಹೇಳುತ್ತಾರೆ. ರೋಮನ್ನರು ಹಲವು ಆಕಾರದ ಮರಗಳನ್ನು ಬಳಸುತ್ತಿದ್ದರು ನಿಜ, ರೋಮನ್ ತತ್ವಜ್ಞ ಸೆನೆಕನ ಬರಹದಲ್ಲೇ ಅದು ಸ್ಪಷ್ಟವಾಗಿದೆ. ಆದರೆ ಕ್ರೈಸ್ತರ ಅತಿ ಹಳೆಯ ನೆನಪು ಅಡ್ಡಪಟ್ಟಿಯ ಪರವಾಗಿದೆ. 4ನೇ ಶತಮಾನದ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು ಬರೆದ 'ಬಾರ್ನಬನ ಪತ್ರ'ದಲ್ಲಿ ಗ್ರೀಕ್ ಅಕ್ಷರ 'ಟೌ'ವನ್ನು, ಅಂದರೆ ಇಂಗ್ಲಿಷಿನ 'ಟಿ' ರೂಪವನ್ನು, ಶಿಲುಬೆಯ ಗುರುತೆಂದು ಓದಲಾಗಿದೆ. 2ನೇ ಶತಮಾನದ ನಡುವೆ ಜಸ್ಟಿನ್ ಎಂಬ ಚಿಂತಕ ಹಡಗಿನ ಹಾಯಿಗಂಬದಲ್ಲಿ, ನೇಗಿಲಿನಲ್ಲಿ, ಕೈಚಾಚಿ ನಿಂತ ಮನುಷ್ಯನ ಮೈಯಲ್ಲಿ ಶಿಲುಬೆಯನ್ನು ಕಂಡ. ಆ ಶಿಕ್ಷೆಯನ್ನು ಕಣ್ಣಾರೆ ನೋಡಬಹುದಾಗಿದ್ದ ಕಾಲದವರು ಇವರು. ಅವರ ಸಾಕ್ಷ್ಯವನ್ನು ಬದಿಗೊತ್ತಲು ನನಗೆ ಕಾರಣ ಕಾಣುವುದಿಲ್ಲ.

ಯೆಹೂದಿಗಳ ಪಾಲಿಗಂತೂ ಈ ಸಾವಿಗೆ ಇನ್ನೊಂದು ಕಳಂಕವೂ ಅಂಟಿತ್ತು. ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಒಳಗಾದವನು ಎಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತಿತ್ತು. ಅಪೊಸ್ತಲ ಪೌಲ 50ರ ದಶಕದಲ್ಲಿ ಕೊರಿಂಥದವರಿಗೆ ಬರೆಯುವಾಗ ಶಿಲುಬೆಗೇರಿದ ಕ್ರಿಸ್ತ ಯೆಹೂದ್ಯರಿಗೆ ಎಡವುಗಲ್ಲು, ಇತರರಿಗೆ ಹುಚ್ಚುತನ ಎಂದು ತಾನೇ ಒಪ್ಪಿಕೊಂಡ. ಹೊಸ ಧರ್ಮವೊಂದನ್ನು ಹರಡಲು ಹೊರಟವನು ಮುಚ್ಚಿಡಬೇಕಾದ ಸಂಗತಿಯನ್ನೇ ಮುಂದಿಟ್ಟ. ಇಂಥ ಚಿಹ್ನೆಯನ್ನು ಯಾರೂ ಜನಪ್ರಿಯತೆಗಾಗಿ ಎರವಲು ತರುವುದಿಲ್ಲ. ತಮ್ಮೂಜನ ವಾದ ಬೀಳುವುದು ಇಲ್ಲಿಯೇ. ಹಳೆಯ ದೇವತೆಯ ಮಂಗಳಕರ ಗುರುತನ್ನು ತಂದಿದ್ದರೆ ಪೌಲನಿಗೆ ಇಷ್ಟು ಸಮರ್ಥನೆ ಬೇಕಾಗುತ್ತಿರಲಿಲ್ಲ. ಈಜಿಪ್ಟಿನ ಕ್ರೈಸ್ತರು ಮುಂದೆ ಅಂಖ್ ಚಿಹ್ನೆಯನ್ನು ತಮ್ಮ ಶಿಲುಬೆಯ ಒಂದು ರೂಪವಾಗಿ ಬಳಸಿದರು ಎಂಬುದು ನಿಜವೇ. ಆದರೆ ಅದು ನಡೆದದ್ದು ಶಿಲುಬೆಗೆ ಅರ್ಥ ಗಟ್ಟಿಯಾದ ಮೇಲೆ. ತಮ್ಮ ನೆಲದ ಹಳೆಯ ಆಕಾರವೊಂದರಲ್ಲಿ ಅವರು ಆ ಅರ್ಥವನ್ನು ಗುರುತಿಸಿಕೊಂಡರು, ಅಷ್ಟೆ.

ಹೀಗಿದ್ದರೂ ಮೊದಲ ಮೂರು ಶತಮಾನಗಳ ಕ್ರೈಸ್ತ ಚಿತ್ರಕಲೆಯಲ್ಲಿ ಶಿಲುಬೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ರೋಮಿನ ನೆಲದಡಿಯ ಸಮಾಧಿಗಳಲ್ಲಿ ಮೀನು, ಲಂಗರು, ಪಾರಿವಾಳ, ಹೆಗಲ ಮೇಲೆ ಕುರಿ ಹೊತ್ತ ಒಳ್ಳೆಯ ಕುರುಬ, ಮೀನಿನ ಬಾಯಿಂದ ಹೊರಬಂದ ಯೋನ ಇದ್ದಾರೆ. ಸಿರಿಯಾದ ದುರಾ ಯುರೋಪೋಸ್‌ನಲ್ಲಿ 256ರ ಸುಮಾರಿಗೆ ಮಣ್ಣಿನಡಿ ಸೇರಿದ ಮನೆ-ದೇವಾಲಯದ ಗೋಡೆಗಳಲ್ಲೂ ಕುರುಬನಿದ್ದಾನೆ, ನೀರಿನ ಮೇಲೆ ನಡೆಯುವ ಯೇಸು ಇದ್ದಾರೆ, ಸಮಾಧಿಗೆ ಬರುವ ಹೆಂಗಸರಿದ್ದಾರೆ. ಶಿಲುಬೆಯ ಮೇಲಿನ ಯೇಸು ಮಾತ್ರ ಇಲ್ಲ. ಇದನ್ನು ಆಧಾರವಾಗಿಟ್ಟುಕೊಂಡು ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಆರಂಭದ ಕ್ರೈಸ್ತರಿಗೆ ಶಿಲುಬೆ ಮುಖ್ಯವೇ ಆಗಿರಲಿಲ್ಲ, ಅದು 4ನೇ ಶತಮಾನದ ಚಕ್ರವರ್ತಿಯ ಸೃಷ್ಟಿ ಎನ್ನುತ್ತಾರೆ. ಗೋಡೆಯ ಮೇಲೆ ಇಲ್ಲದ್ದು ಮನಸ್ಸಿನಲ್ಲೂ ಇರಲಿಲ್ಲ ಎಂಬ ತೀರ್ಮಾನ ಇದು. ಸಾಕ್ಷ್ಯಗಳನ್ನು ಒಂದೊಂದಾಗಿ ನೋಡಿದರೆ ಅದು ನಿಲ್ಲುವುದಿಲ್ಲ.

ಮೊದಲು ಬರಹದ ಸಾಕ್ಷ್ಯ ನೋಡೋಣ. ಕ್ರಿ.ಶ. 200ರ ಆಸುಪಾಸಿನವು ಎಂದು ಸಾಮಾನ್ಯವಾಗಿ ಎಣಿಸಲಾಗುವ ಕೆಲವು ಗ್ರೀಕ್ ಪಪೈರಸ್ ಪ್ರತಿಗಳಲ್ಲಿ ಶಿಲುಬೆ ಎಂಬ ಪದ ಬಂದಾಗ ನಕಲುಗಾರರು 'ಟೌ' ಮತ್ತು 'ರೋ' ಎಂಬ ಎರಡು ಅಕ್ಷರಗಳನ್ನು ಒಂದರ ಮೇಲೊಂದು ಕೂಡಿಸಿ ಬರೆದಿದ್ದಾರೆ. ಫಲವಾಗಿ ಅಡ್ಡಪಟ್ಟಿಯ ಕಂಬವೂ ಅದರ ಮೇಲೆ ಬಾಗಿದ ತಲೆಯಂಥ ಕುಣಿಕೆಯೂ ಮೂಡುತ್ತದೆ. ಲ್ಯಾರಿ ಹರ್ಟಾಡೊ ಅವರಂಥ ವಿದ್ವಾಂಸರು ಇದನ್ನು ಶಿಲುಬೆಗೇರಿದ ಯೇಸುವಿನ ಅತಿ ಹಳೆಯ ಚಿತ್ರವೆಂದೇ ಕರೆದರು. ಈ ಕೂಡಕ್ಷರ ಕ್ರೈಸ್ತರಿಗಿಂತ ಮೊದಲೂ ಬೇರೆ ಪದಗಳ ಸಂಕ್ಷಿಪ್ತ ರೂಪವಾಗಿ ಬಳಕೆಯಲ್ಲಿತ್ತು. ಆದರೆ ಇಲ್ಲಿ ಅದು ಬಂದಿರುವುದು ಶಿಲುಬೆಯನ್ನು ಹೇಳುವ ಪದದ ಒಳಗೇ, ಆದ್ದರಿಂದ ಆ ವಿದ್ವಾಂಸರ ಓದು ನನಗೆ ಒಪ್ಪಿಗೆಯಾಗುತ್ತದೆ. ಆಮೇಲೆ ಸನ್ನೆಯ ಸಾಕ್ಷ್ಯ. 3ನೇ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್, ಮನೆಯಿಂದ ಹೊರಡುವಾಗ, ಒಳಬರುವಾಗ, ಕೆರ ಮೆಟ್ಟುವಾಗ, ಸ್ನಾನಕ್ಕೆ ಹೋಗುವಾಗ, ಊಟಕ್ಕೆ ಕೂರುವಾಗ, ದೀಪ ಹಚ್ಚುವಾಗ, ಮಲಗುವಾಗ ಕ್ರೈಸ್ತರು ಹಣೆಯ ಮೇಲೆ ಆ ಗುರುತನ್ನು ಎಳೆದುಕೊಳ್ಳುತ್ತಿದ್ದರೆಂದು ಬರೆದಿದ್ದಾನೆ. ಕಲ್ಲಿನಲ್ಲಿ ಕೆತ್ತದ ಶಿಲುಬೆಯನ್ನು ಅವರು ಬೆರಳಿನಿಂದ ದಿನವೂ ಹತ್ತಾರು ಸಲ ಬರೆಯುತ್ತಿದ್ದರು. ಹುಡುಕಿದರೂ ಪುರಾತತ್ವಜ್ಞರಿಗೆ ಸಿಗದ ಚಿಹ್ನೆ ಅದು.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕೊಡುವವರು ವಿರೋಧಿಗಳು. 2ನೇ ಶತಮಾನದ ಕೊನೆಯ ಭಾಗದಲ್ಲಿ ಸೆಲ್ಸಸ್ ಎಂಬ ಗ್ರೀಕ್ ತತ್ವಜ್ಞ ಕ್ರೈಸ್ತರ ವಿರುದ್ಧ ಪುಸ್ತಕವೊಂದನ್ನು ಬರೆದ. ಆ ಪುಸ್ತಕ ಕಳೆದುಹೋಗಿದೆ, ಕ್ರೈಸ್ತ ಚಿಂತಕ ಓರಿಜೆನ್ ಅದಕ್ಕೆ ಬರೆದ ಉತ್ತರದೊಳಗೆ ಅದರ ಬಹುಭಾಗ ಉಳಿದುಕೊಂಡಿದೆ. ಈ ಜನ ಎಲ್ಲೆಲ್ಲೂ ಜೀವದ ಮರ ಎನ್ನುತ್ತಾರೆ, ಇವರ ಗುರು ಮರಕ್ಕೆ ಜಡಿಸಿಕೊಂಡದ್ದರಿಂದ ತಾನೇ ಎಂದು ಸೆಲ್ಸಸ್ ಹೀಯಾಳಿಸುತ್ತಾನೆ. ಅವನನ್ನು ಬಂಡೆಯಿಂದ ತಳ್ಳಿ ಕೊಂದಿದ್ದರೆ ಜೀವದ ಬಂಡೆ ಎನ್ನುತ್ತಿದ್ದರು, ಹಗ್ಗದಿಂದ ಬಿಗಿದು ಕೊಂದಿದ್ದರೆ ಅಮರತ್ವದ ಹಗ್ಗ ಎನ್ನುತ್ತಿದ್ದರು ಎಂಬುದು ಅವನ ವಾದದ ಸಾರ. ಸೆಲ್ಸಸ್‌ನ ತಿರಸ್ಕಾರವನ್ನು ಬದಿಗಿಟ್ಟರೆ ಅವನು ಹೇಳಿದ್ದು ನಿಜ. ಹೌದು, ಯೇಸುವನ್ನು ಹಗ್ಗದಿಂದ ಕೊಂದಿದ್ದರೆ ಹಗ್ಗವೇ ಚಿಹ್ನೆಯಾಗುತ್ತಿತ್ತು. ಆಕಾರ ಮುಖ್ಯವಲ್ಲ, ಆ ಸಾವು ಮುಖ್ಯ ಎಂಬುದನ್ನು ಕ್ರೈಸ್ತರ ಅನೇಕ ವಕ್ತಾರರಿಗಿಂತ ಸ್ಪಷ್ಟವಾಗಿ ಗ್ರಹಿಸಿದವನು ಈ ವಿರೋಧಿ. ಇನ್ನೊಂದು ಸಾಕ್ಷ್ಯ 1857ರಲ್ಲಿ ರೋಮಿನ ಪ್ಯಾಲಟೈನ್ ಬೆಟ್ಟದ ಕಟ್ಟಡವೊಂದರಲ್ಲಿ ಸಿಕ್ಕಿತು. ಗಾರೆಯ ಗೋಡೆಯ ಮೇಲೆ ಯಾರೋ ಗೀಚಿದ ಚಿತ್ರ ಅದು: ಕತ್ತೆಯ ತಲೆಯ ಮನುಷ್ಯನೊಬ್ಬ ಶಿಲುಬೆಯಲ್ಲಿದ್ದಾನೆ, ಕೆಳಗೆ ಒಬ್ಬ ಕೈಯೆತ್ತಿ ನಮಿಸುತ್ತಿದ್ದಾನೆ, ಅಲೆಕ್ಸಮೆನೊಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂದು ಗ್ರೀಕಿನಲ್ಲಿ ಬರೆದಿದೆ. ಸುಮಾರು 200ರ ಕಾಲದ್ದು, ಅರಮನೆಯ ಆಳುಗಳ ನಡುವೆ ಹುಟ್ಟಿದ್ದು ಎಂದು ಊಹಿಸಲಾಗಿದೆ. ಶಿಲುಬೆಯ ಮೇಲಿನ ಯೇಸುವಿನ ಉಳಿದಿರುವ ಅತಿ ಹಳೆಯ ಚಿತ್ರಗಳ ಸಾಲಿನಲ್ಲಿ ಈ ಅಪಹಾಸ್ಯದ ಗೀಚು ನಿಲ್ಲುತ್ತದೆ. ಪಕ್ಕದ ಕೋಣೆಯಲ್ಲಿ ಬೇರೊಂದು ಕೈ ಲ್ಯಾಟಿನ್ನಿನಲ್ಲಿ ಅಲೆಕ್ಸಮೆನೊಸ್ ನಂಬಿಗಸ್ತ ಎಂದು ಬರೆದಿದೆ. ಗೆಳೆಯರಿಂದ ಗೇಲಿಗೊಳಗಾದ ಆ ಆಳಿನ ಪಾಲಿಗೆ ಶಿಲುಬೆ ಯಾವ ಚಕ್ರವರ್ತಿಯ ಕೊಡುಗೆಯೂ ಆಗಿರಲಿಲ್ಲ.

ಹಾಗಾದರೆ ಕಾನ್‌ಸ್ಟಂಟೈನ್ ಮಾಡಿದ್ದೇನು? 312ರಲ್ಲಿ ಮಿಲ್ವಿಯನ್ ಸೇತುವೆಯ ಯುದ್ಧಕ್ಕೆ ಮುಂಚೆ ಅವನಿಗೆ ಕನಸಿನಲ್ಲಿ ಅಪ್ಪಣೆಯಾಯಿತೆಂದು ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಬರೆದ. ಆಕಾಶದಲ್ಲಿ ಬೆಳಕಿನ ಶಿಲುಬೆ ಕಂಡಿತೆಂದು ಧರ್ಮಾಧ್ಯಕ್ಷ ಯುಸೇಬಿಯಸ್ ಆಮೇಲೆ ಬರೆದ. ಸೈನ್ಯದ ಧ್ವಜಕ್ಕೂ ನಾಣ್ಯಕ್ಕೂ ಏರಿದ್ದು ಮುಖ್ಯವಾಗಿ ಕ್ರಿಸ್ತ ಎಂಬ ಗ್ರೀಕ್ ಹೆಸರಿನ ಮೊದಲೆರಡು ಅಕ್ಷರಗಳ ಜೋಡಣೆ, ಅಂದರೆ ಗೆಲ್ಲುವ ದೇವರ ಹೆಸರಿನ ಮುದ್ರೆ. ಅದರಲ್ಲಿ ಕೊಲೆಯ ಮರದ ನೆನಪು ಕಡಿಮೆ. ನನ್ನ ಮಟ್ಟಿಗೆ ಈ ದರ್ಶನದ ಕಥೆಗಳಿಗಿಂತ ದೊಡ್ಡ ಸಂಗತಿ ಇನ್ನೊಂದಿದೆ: ಕಾನ್‌ಸ್ಟಂಟೈನ್ ಶಿಲುಬೆಯ ಶಿಕ್ಷೆಯನ್ನು ನಿಲ್ಲಿಸಿದನೆಂದು 4ನೇ ಶತಮಾನದ ಇತಿಹಾಸಕಾರ ಔರೇಲಿಯಸ್ ವಿಕ್ಟರ್ ದಾಖಲಿಸಿದ್ದಾನೆ. ದಾರಿಬದಿಯಲ್ಲಿ ಶಿಲುಬೆ ಕಂಡು ಮುಖ ತಿರುಗಿಸಿದ ಅಜ್ಜಂದಿರು ತೀರಿಹೋದರು, ಅದನ್ನು ಎಂದೂ ನೋಡದ ಮೊಮ್ಮಕ್ಕಳು ಬೆಳೆದರು. ಶಿಲುಬೆಯ ಮೇಲಿನ ಯೇಸುವನ್ನು ಎಲ್ಲರೂ ನೋಡುವಂತೆ ಚಿತ್ರಿಸಿದ ಕೃತಿಗಳಲ್ಲಿ ನಮಗೆ ದೊರೆತಿರುವ ಮೊದಲಿನವು, ರೋಮಿನ ಸಾಂಟಾ ಸಬೀನಾ ದೇವಾಲಯದ ಮರದ ಬಾಗಿಲು ಮತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ದಂತದ ಫಲಕ, ಬಂದದ್ದು 420ರಿಂದ 430ರ ಸುಮಾರಿಗೆ. ಶಿಕ್ಷೆ ನಿಂತು ಹತ್ತಿರ ಹತ್ತಿರ ನೂರು ವರ್ಷವಾದ ಮೇಲೆ. ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಜೆರುಸಲೇಮಿನ ಯಾತ್ರೆ, ಪವಿತ್ರ ಮರದ ತುಣುಕುಗಳ ಮೇಲಿನ ಭಕ್ತಿ ಇವೂ ಕೆಲಸ ಮಾಡಿದವು. ರಾಜಮಾತೆ ಹೆಲೆನಾ ಶಿಲುಬೆಯನ್ನು ಪತ್ತೆಹಚ್ಚಿದಳೆಂಬ ಕಥೆ 395ರಲ್ಲಿ ಧರ್ಮಾಧ್ಯಕ್ಷ ಅಂಬ್ರೋಸ್‌ನ ಭಾಷಣದಲ್ಲಿ ಬರುತ್ತದೆ. ಅವಳ ಯಾತ್ರೆಯನ್ನು ವರ್ಣಿಸಿದ ಸಮಕಾಲೀನ ಯುಸೇಬಿಯಸ್ ಈ ಪತ್ತೆಯ ಸುದ್ದಿಯನ್ನೇ ಎತ್ತುವುದಿಲ್ಲ. ಆದರೂ 380ರ ದಶಕದಲ್ಲಿ ಜೆರುಸಲೇಮಿಗೆ ಹೋದ ಎಜೀರಿಯಾ ಎಂಬ ಯಾತ್ರಿಕಳು, ಶುಭ ಶುಕ್ರವಾರ ಧರ್ಮಾಧ್ಯಕ್ಷರು ಆ ಮರವನ್ನು ಎರಡೂ ಕೈಯಿಂದ ಬಿಗಿಹಿಡಿದು ಕೂರುತ್ತಿದ್ದರೆಂದೂ ಸುತ್ತ ಸೇವಕರು ಕಾವಲು ನಿಲ್ಲುತ್ತಿದ್ದರೆಂದೂ ಹೇಳುತ್ತಾಳೆ. ಮುತ್ತಿಡುವ ನೆಪದಲ್ಲಿ ಯಾರೋ ಒಮ್ಮೆ ತುಣುಕೊಂದನ್ನು ಕಚ್ಚಿ ಕದ್ದಿದ್ದರಂತೆ. ಮುನ್ನೂರೈವತ್ತು ವರ್ಷಗಳಲ್ಲಿ ಅಸಹ್ಯ ಹಂಬಲವಾಗಿ ಬದಲಾಗಿತ್ತು.

ಕಣ್ಣಿಗೆ ಬಂದ ಶಿಲುಬೆ ಮೊದಲು ನೋವನ್ನು ತೋರಿಸಲಿಲ್ಲ. ಸಾಂಟಾ ಸಬೀನಾದ ಯೇಸು ಕಣ್ತೆರೆದು ನೇರ ನಿಂತಿದ್ದಾರೆ, ಹಿಂದಿನ ಮರ ಕಾಣುವುದೇ ಕಷ್ಟ. 586ರ ಸಿರಿಯಕ್ ಹಸ್ತಪ್ರತಿ 'ರಬ್ಬುಲಾ ಸುವಾರ್ತೆ'ಯ ಚಿತ್ರದಲ್ಲಿ ಅವರು ಉದ್ದ ನಿಲುವಂಗಿ ತೊಟ್ಟಿದ್ದಾರೆ. ಪೂರ್ವದ ಕ್ರೈಸ್ತರು ದೇಹವಿಲ್ಲದ, ಮೊಗ್ಗಿನಂಥ ತುದಿಗಳ ಶಿಲುಬೆಯನ್ನು ಹೆಚ್ಚು ಇಷ್ಟಪಟ್ಟರು. ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನಲ್ಲಿ 1547ರಲ್ಲಿ ಪೋರ್ಚುಗೀಸರು ಅಡಿಪಾಯ ಅಗೆಯುವಾಗ ಸಿಕ್ಕ, ಸುತ್ತ ಪಹ್ಲವಿ ಬರಹವಿರುವ ಕಲ್ಲಿನ ಶಿಲುಬೆ ಅಂಥದ್ದು, ಕೊಟ್ಟಾಯಂನ ವಲಿಯಪಳ್ಳಿಯದ್ದೂ ಅಂಥದ್ದೇ. ಪಶ್ಚಿಮದಲ್ಲಿ ನೋವು ನಿಧಾನವಾಗಿ ಮರಳಿತು. 10ನೇ ಶತಮಾನದ ಕೊನೆಯ ಭಾಗದ, ಕಲೋನ್ ಮಹಾದೇವಾಲಯದ ಗೇರೊ ಶಿಲುಬೆಯಲ್ಲಿ ತಲೆ ಎದೆಗೆ ಜೋತಿದೆ, ಮೈ ತನ್ನ ಭಾರಕ್ಕೇ ಕುಸಿದಿದೆ. 1512ರಿಂದ 1516ರ ನಡುವೆ ಚಿತ್ರಕಾರ ಗ್ರುನೆವಾಲ್ಡ್ ಇಸೆನ್‌ಹೈಮ್‌ನ ಮಠಕ್ಕೆ ಬರೆದ ಯೇಸುವಿನ ಮೈತುಂಬ ಹುಣ್ಣುಗಳಿವೆ, ಬೆರಳುಗಳು ನೋವಿಗೆ ಸೆಟೆದಿವೆ. ಆ ಮಠ ಆಸ್ಪತ್ರೆಯೂ ಆಗಿತ್ತು. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಬರುವ, ಕೈಕಾಲು ಕರಗಿ ಕೊಳೆಯುವ ರೋಗದವರನ್ನು ಅಲ್ಲಿ ಆರೈಕೆ ಮಾಡುತ್ತಿದ್ದರು. ಆ ರೋಗಿಗಳು ತಮ್ಮದೇ ಚರ್ಮವನ್ನು ದೇವರ ಮೈಮೇಲೆ ನೋಡಿದರು. ಶಿಲುಬೆಯ ಮೊದಲ ಅರ್ಥ, ಸಮಾಜ ಕಣ್ಣುಮುಚ್ಚಿಕೊಳ್ಳುವ ದೇಹದೊಂದಿಗೆ ದೇವರು ನಿಂತಿದ್ದಾನೆಂಬ ಅರ್ಥ, ಇಷ್ಟು ನೇರವಾಗಿ ಬಣ್ಣದಲ್ಲಿ ಮೂಡಿದ ಇನ್ನೊಂದು ಕೃತಿಯನ್ನು ನಾನು ಹೆಸರಿಸಲಾರೆ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಯೇಸುವಿನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದರು. ಚಿಹ್ನೆಯ ಹಿಂದಿನ ಸಾವನ್ನು ಕಣ್ಣಿಟ್ಟು ನೋಡುವುದಕ್ಕೆ ಅದರ ಅನುಯಾಯಿಯೇ ಆಗಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಅತಿ ಕಠಿಣ ಆಕ್ಷೇಪವನ್ನು ಎದುರಿಸಲೇಬೇಕು. ಬಲಿಯಾದವರ ಪರ ನಿಲ್ಲುವ ಚಿಹ್ನೆ ಎನ್ನುತ್ತೀರಿ, ಆದರೆ ಅದನ್ನು ಹಿಡಿದವರೇ ಎಷ್ಟು ಬಲಿ ತೆಗೆದುಕೊಂಡರು? 1095ರಲ್ಲಿ ಕ್ಲೆರ್ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಕರೆ ಕೊಟ್ಟಾಗ ಯೋಧರು ಬಟ್ಟೆಯ ಶಿಲುಬೆಯನ್ನು ಹೆಗಲಿಗೆ ಹೊಲಿದುಕೊಂಡರು. ಮರುವರ್ಷವೇ ಆ ಗುರುತು ಹೊತ್ತ ಗುಂಪುಗಳು ವೋರ್ಮ್ಸ್, ಮೈಂಜ್ ನಗರಗಳಲ್ಲಿ ಯೆಹೂದಿಗಳ ಮಾರಣಹೋಮ ನಡೆಸಿದವು. ಅಮೆರಿಕದಲ್ಲಿ ಕರಿಯರನ್ನು ಹೆದರಿಸಲು ಬಿಳಿಯರ ಗುಂಪುಗಳು ಉರಿಸಿದ್ದೂ ಶಿಲುಬೆಯನ್ನೇ. ಇವು ಹೊರಗಿನ ಕೆಲವರ ದುರುಪಯೋಗ ಎಂದು ಕೈತೊಳೆದುಕೊಳ್ಳುವುದು ಅಪ್ರಾಮಾಣಿಕ, ಏಕೆಂದರೆ ಇದರಲ್ಲಿ ಧರ್ಮಗುರುಗಳ ಬೋಧನೆಯ ಪಾಲೂ ಇತ್ತು. ಯೇಸುವನ್ನು ಕೊಂದವರು ಯೆಹೂದಿಗಳು ಎಂಬ ಆರೋಪ ಶತಮಾನಗಳ ಕಾಲ ಪ್ರವಚನಗಳಲ್ಲಿ ಮೊಳಗಿತು. ಆ ಹೊಣೆಯನ್ನು ಯೆಹೂದಿಗಳೆಲ್ಲರ ತಲೆಗೆ ಕಟ್ಟಲಾಗದು ಎಂದು ಕಥೋಲಿಕ ಸಭೆ ಎರಡನೇ ವ್ಯಾಟಿಕನ್ ಸಮ್ಮೇಳನದಲ್ಲಿ, 1965ರಲ್ಲಿ, ಅಧಿಕೃತವಾಗಿ ಹೇಳಿತು. ಆದರೆ ಈ ಆರೋಪದ ವಿರುದ್ಧದ ಸಾಕ್ಷಿ ಪ್ರತಿ ದೇವಾಲಯದಲ್ಲೂ ನಿಂತೇ ಇತ್ತು. ಶಿಲುಬೆ ರೋಮನ್ ಅಧಿಕಾರಿಯ ಶಿಕ್ಷೆ, ಆ ಮರಣದಂಡನೆಗೆ ಅಪ್ಪಣೆ ಕೊಟ್ಟವನು ಪೊಂತಿಯುಸ್ ಪಿಲಾತ. ಶಿಕ್ಷೆ ಯಾರದ್ದೆಂಬುದು ಮರೆತುಹೋಗಿದ್ದರಿಂದಲೇ ಆ ಆರೋಪ ಬೇರೂರಲು ಸಾಧ್ಯವಾಯಿತು. ಆಕಾರ ಉಳಿದು ಸಾವು ಮರೆತಾಗ ಶಿಲುಬೆ ಯಾವ ಸೈನ್ಯದ ಧ್ವಜಕ್ಕೂ ಒಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಕ್ರೂರ ಪುರಾವೆ ಬೇಡ. ಮರೆಯದವರೂ ಇದ್ದರು. 1938ರಲ್ಲಿ ಯೆಹೂದಿ ಚಿತ್ರಕಾರ ಮಾರ್ಕ್ ಶಗಾಲ್ ಶಿಲುಬೆಯ ಮೇಲಿನ ಯೇಸುವಿಗೆ ಯೆಹೂದಿಗಳ ಪ್ರಾರ್ಥನಾ ಶಾಲನ್ನು ಸೊಂಟಕ್ಕೆ ಸುತ್ತಿ, ಸುತ್ತಲೂ ಉರಿಯುವ ಮಂದಿರವನ್ನೂ ಓಡುವ ನಿರಾಶ್ರಿತರನ್ನೂ ಬರೆದರು. ಶಿಲುಬೆ ಯಾರಿಗೆ ಸೇರಿದ್ದೆಂದು ಆ ಚಿತ್ರ ಕ್ರೈಸ್ತ ಯುರೋಪಿಗೆ ನೆನಪಿಸಿತು. ಅಮೆರಿಕದ ಕರಿಯ ದೇವತಾಶಾಸ್ತ್ರಜ್ಞ ಜೇಮ್ಸ್ ಕೋನ್ 2011ರ ತಮ್ಮ ಪುಸ್ತಕದಲ್ಲಿ ಶಿಲುಬೆಯನ್ನೂ ಕರಿಯರನ್ನು ನೇಣುಹಾಕುತ್ತಿದ್ದ ಮರವನ್ನೂ ಅಕ್ಕಪಕ್ಕ ಇಟ್ಟು, ಒಂದನ್ನು ಬಿಟ್ಟು ಇನ್ನೊಂದನ್ನು ಅರಿಯಲಾಗದು ಎಂದು ವಾದಿಸಿದರು.

ಕೊನೆಯ ಪ್ರಶ್ನೆ ಕ್ರೈಸ್ತರ ಒಳಗಿನಿಂದಲೇ ಬರುತ್ತದೆ. ನಂಬಿಕೆಯ ತಿರುಳು ಪುನರುತ್ಥಾನವಾದರೆ ಸಾವಿನ ಉಪಕರಣವನ್ನೇಕೆ ಗುರುತಾಗಿಟ್ಟುಕೊಳ್ಳಬೇಕು, ಖಾಲಿ ಸಮಾಧಿಯನ್ನು ಏಕಲ್ಲ? ಮಂಗಳೂರಿನ ಕಥೋಲಿಕ ಇಗರ್ಜಿಗಳ ಪೀಠದ ಮೇಲೆ ಯೇಸುವಿನ ದೇಹವಿರುವ ಶಿಲುಬೆ ಇರುತ್ತದೆ, ಬಾಸೆಲ್ ಮಿಷನ್ ಪರಂಪರೆಯ ದೇವಾಲಯಗಳಲ್ಲಿ ಬರಿಯ ಶಿಲುಬೆ. ಈ ವ್ಯತ್ಯಾಸದ ಹಿಂದೆಯೂ ಇದೇ ಚರ್ಚೆ ಇದೆ. ಆದರೆ ಸುವಾರ್ತೆಗಳೇ ಸಾವನ್ನೂ ಪುನರುತ್ಥಾನವನ್ನೂ ಬಿಡಿಸಿ ಹೇಳುವುದಿಲ್ಲ. ಸುಮಾರು 350ರ, ಈಗ ವ್ಯಾಟಿಕನ್‌ನಲ್ಲಿರುವ ಕಲ್ಲಿನ ಶವಪೆಟ್ಟಿಗೆಯೊಂದರ ನಡುಭಾಗದಲ್ಲಿ ದೇಹವಿಲ್ಲದ ಶಿಲುಬೆಯ ಮೇಲೆ ವಿಜಯದ ಹೂಮಾಲೆ ಇದೆ, ಅಡಿಯಲ್ಲಿ ಇಬ್ಬರು ಸೈನಿಕರು ಕೂತಿದ್ದಾರೆ. ಕೊಂದ ಮರವೂ ಸಮಾಧಿಯ ಕಾವಲುಗಾರರೂ ಒಂದೇ ಚೌಕಟ್ಟಿನಲ್ಲಿ ಬಂದಿದ್ದಾರೆ. ಯೋಹಾನನ ಸುವಾರ್ತೆಯಲ್ಲಿ ಎದ್ದುಬಂದ ಯೇಸು ತಾನು ಯಾರೆಂದು ತೋಮನಿಗೆ ತೋರಿಸುವುದು ಕೈಯಲ್ಲಿನ ಮೊಳೆಯ ಗಾಯಗಳಿಂದ. ಸಾವನ್ನು ಗೆದ್ದಮೇಲೂ ಆ ಗಾಯ ಮಾಯವಾಗಿಲ್ಲ ಎಂಬುದೇ ಆ ಕಥೆಯ ಒತ್ತು. ಖಾಲಿ ಸಮಾಧಿಯೊಂದೇ ಗುರುತಾಗಿದ್ದರೆ ಯಾರನ್ನು, ಯಾರು, ಯಾವ ಕಾನೂನಿನಡಿ ಕೊಂದರು ಎಂಬ ಪ್ರಶ್ನೆ ಕ್ರೈಸ್ತರ ಪ್ರಾರ್ಥನೆಯಿಂದ ಹೊರಗುಳಿಯುತ್ತಿತ್ತು. ಶಿಲುಬೆ ಎದುರಿಗಿರುವಷ್ಟು ಕಾಲ ಅದು ಹೊರಗುಳಿಯಲಾರದು.